ಕಿವಿಗೆ ಹಿಡಿದ ಕಾಫಿ

ನಮ್ಮ ಯಜಮಾನರ ಮಿದುಳಿನಿಂದ ಕ್ಯಾನ್ಸರ್ ಗಡ್ಡೆ ತೆಗೆದು ಆರು ತಿಂಗಳಾಗಿತ್ತು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು, ತಿಂಗಳಿಗೆ ಐದು ದಿನ ಕೀಮೋ ಮಾತ್ರೆ ನಡೆಯುತ್ತಿತ್ತು. ಎರಡು ತಿಂಗಳಿಗೊಮ್ಮೆ ಹೆತ್ತೂರಿನಿಂದ ಹೊರಟು, ಮಾರನಹಳ್ಳಿ ದಾಟಿ, ಘಾಟಿ ಇಳಿದು ಮಂಗಳೂರಿಗೆ ಸ್ಕ್ಯಾನಿಗೆ ಹೋಗುತ್ತಿದ್ದೆವು. ಡಾಕ್ಟರ ಬಾಯಿಂದ "ಹಾಗೇ ಇದೆ" ಎಂಬ ಮಾತು ಬಿದ್ದರೆ ಸಾಕು, ಇನ್ನೆರಡು ತಿಂಗಳು ಉಸಿರಾಡಬಹುದಿತ್ತು. ತೆಗೆಯಲಾಗದೆ ಉಳಿದಿದ್ದ ಚೂರು ಬೆಳೆದಿಲ್ಲ ಎಂದರೆ ವಾಸಿಯಾಗಿದೆ ಎಂದಲ್ಲ, ಅದು ನನಗೂ ಗೊತ್ತಿತ್ತು. ಆದರೂ ವಾಪಸ್ ಬರುವಾಗ ಕಾರು ನಿಲ್ಲಿಸಿ ಟೀ ಕುಡಿಯುವಷ್ಟು ಧೈರ್ಯ ಬರುತ್ತಿತ್ತು.

ಜನವರಿಯ ಸ್ಕ್ಯಾನೂ ಹಾಗೇ ಇತ್ತು. ನೆಂಟರೆಲ್ಲ ಬಂದು, "ಗೆದ್‌ಬುಟ್ರು ಕಣ್ರೀ" ಎಂದು ಹೋದರು. ಗೆಲ್ಲಲು ಇದೇನು ಪಂಚಾಯ್ತಿ ಎಲೆಕ್ಷನ್ನಾ ಎಂದು ನನಗೆ ಮೈ ಉರಿಯಿತು.

ಆಗ ಕಾಫಿ ಒಣಗಿಸುವ ಕಾಲ. ಹಣ್ಣು ಕೊಯ್ದು ಸಿಪ್ಪೆ ಸಮೇತ ಕಣದಲ್ಲಿ ಹರಡುತ್ತೇವೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಇವರಿಗೆ ಯಾವ ಮೀಟರೂ ಬೇಕಿರಲಿಲ್ಲ. ಒಂದು ಹಿಡಿ ಬಾಚಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ. ಅಕ್ಕಪಕ್ಕದ ತೋಟದವರೂ ಇವರನ್ನು ಕರೆದೊಯ್ದು, ಇವರು ಹೂಂ ಎಂದ ಮೇಲೆಯೇ ಮೂಟೆ ಕಟ್ಟುತ್ತಿದ್ದರು.

ಸ್ಕ್ಯಾನಾಗಿ ಮೂರನೇ ವಾರ, ಒಂದು ಬೆಳಗ್ಗೆ ಕಣಕ್ಕಿಳಿದು ಒಂದು ಹಿಡಿ ಅಲ್ಲಾಡಿಸಿದರು. "ಒಣಗೈತೆ. ತುಂಬ್ಸಿ" ಎಂದು ಒಳಗೆ ಹೋದರು.

ಹರಡಿ ನಾಲ್ಕು ದಿನವಾಗಿತ್ತು ಅಷ್ಟೆ. ಕೆಲಸದ ಹೆಂಗಸು ನನ್ನ ಮುಖ ನೋಡಿ, "ಇನ್ನೂ ಹಸಿ ಐತಲ್ಲಮ್ಮ" ಎಂದಳು. ನಾನೂ ಒಂದು ಹಿಡಿ ಅಲ್ಲಾಡಿಸಿದೆ. ಸದ್ದೇ ಇಲ್ಲ. ಮೂವತ್ತು ವರ್ಷದಲ್ಲಿ ಇವರು ಒಮ್ಮೆಯೂ ತಪ್ಪಿರಲಿಲ್ಲ. ನನಗೆ ಹೆದರಿಕೆಯಾಯಿತು. "ಅವ್ರು ಹೇಳಿದ್ಮೇಲೆ ಮುಗೀತು, ತುಂಬು" ಎಂದು ಅವಳ ಮೇಲೆ ರೇಗಿದೆ.

ಊಟವಾಗಿ, ಮಾತ್ರೆ ನುಂಗಿ ಇವರು ಮಲಗಿದ ಮೇಲೆ ನಾವಿಬ್ಬರೇ ಮೂಟೆ ಬಿಚ್ಚಿ ಮತ್ತೆ ಹರಡಿದೆವು. ಮುಗಿಯುವ ಮೊದಲೇ ಇವರು ಎದ್ದು ಬಂದರು. ಬಗ್ಗಿ ಒಂದು ಹಿಡಿ ತೆಗೆದು ಕಿವಿಗೆ ಹಿಡಿದರು.

"ಹಸಿ ಕಾಫಿ ಮೂಟೆಗೆ ತುಂಬ್ಸಿದ್ರಾ? ಯಾರೇ ಹೇಳಿದ್ದು? ಬೂಸ್ಟು ಹಿಡ್ದು ಹೋಗಲ್ವಾ?"

"ನಾನೇ ಕಣ್ರೀ. ಗೊತ್ತಾಗ್ಲಿಲ್ಲ."

ಕೆಲಸದ ಹೆಂಗಸು ತಲೆ ತಗ್ಗಿಸಿ ಕಾಫಿ ಕೆದಕತೊಡಗಿದಳು. ಇವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಬೈಗುಳ ಅರ್ಧಕ್ಕೇ ನಿಂತಿತು.

"ನಾನೇ ಹೇಳಿದ್ನಾ?"

ಇಲ್ಲ ಎನ್ನಬೇಕೆಂದಿದ್ದೆ. ಬಗ್ಗಿ, ಉಳಿದಿದ್ದ ಮೂಟೆ ಬಿಚ್ಚತೊಡಗಿದೆ.

ಮುಂದಿನ ಸ್ಕ್ಯಾನಿಗೆ ಇನ್ನೂ ಐದು ವಾರವಿತ್ತು. ಆ ಸಂಜೆಯೇ ಆಸ್ಪತ್ರೆಗೆ ಫೋನ್ ಮಾಡಿದೆ; ಹತ್ತು ದಿನ ಬಿಟ್ಟು ಬನ್ನಿ ಎಂದರು. ಹೊರಡುವ ಬೆಳಗ್ಗೆ ಇವರು ಪ್ಯಾಂಟು ಶರ್ಟು ಹಾಕಿಕೊಂಡೇ ಕಣಕ್ಕೆ ಹೋದರು. ನಾನು ಫೈಲು ಹಿಡಿದು ಹಿಂದೆಯೇ ಹೋದೆ. ಒಂದು ಹಿಡಿ ಬಾಚಿದರು. ತಮ್ಮ ಕಿವಿಗೆ ಹಿಡಿಯಲಿಲ್ಲ, ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು.

"ನೀನೇ ಹೇಳೇ. ಇನ್ಮೇಲೆ ನೀನೇ ಹೇಳ್ಬೇಕು."

ಗಲಗಲ ಎಂದಿತು. "ಒಣಗೈತೆ" ಎಂದೆ.

ಮಧ್ಯಾಹ್ನ ಮಂಗಳೂರಿನಲ್ಲಿ ಡಾಕ್ಟರು "ಹಾಗೇ ಇದೆ" ಎನ್ನಲಿಲ್ಲ.