ಅಕ್ಕ ಕಾಯಿಸಿದ ನೀರು

ಡಾಕ್ಟರು ಪ್ರಶ್ನೆ ಕೇಳಿದ್ದು ನನ್ನ ಅಕ್ಕನಿಗೆ. ಉತ್ತರ ಕೊಟ್ಟದ್ದು ನಾನು. ಆ ಉತ್ತರ ತಪ್ಪು ಎಂದು ಮುಂದೆ ಒಂದು ಸಂಜೆ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಆರೇಳು ತಿಂಗಳು ಬಾಯಿ ಬಿಡಲಿಲ್ಲ. ಬಾಯಿ ಬಿಡುವುದು, ನಾನು ಮಾಡಬೇಕಾಗಿದ್ದದ್ದು ಅಷ್ಟೇ. ಅದನ್ನು ಮಾಡಲಿಲ್ಲ.

ನಾನು ಬಡಗಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ಬಿಜೈಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಅಮ್ಮನ ಹಂಚಿನ ಮನೆಯಲ್ಲಿ ನಾವಿಬ್ಬರೇ. ತಂಗಿಯನ್ನು ವಿಮಾನ ನಿಲ್ದಾಣದ ಹತ್ತಿರ, ಬಜಪೆಗೆ ಕೊಟ್ಟಿದ್ದೇವೆ. ಅಕ್ಕ ಮದುವೆಯಾಗಲಿಲ್ಲ. ಓಣಿಯ ತುದಿಯ ಶಿಶುವಿಹಾರದಲ್ಲಿ ಆಯಾ ಆಗಿದ್ದಳು. ಆಯಾ ಎಂದರೆ ಮಕ್ಕಳ ಮೂಗು ಒರೆಸುವುದು, ಚಪ್ಪಲಿ ಹಾಕಿಸುವುದು. ಆದರೆ ಅಲ್ಲಿ ಹಾಡು ಹೇಳಿಕೊಡುತ್ತಿದ್ದದ್ದೂ ಅವಳೇ, ಟೀಚರಿಗೆ ರಾಗ ಬರುತ್ತಿರಲಿಲ್ಲ. ಹತ್ತು ಗಂಟೆಗೆ ಅವಳ ಸ್ವರ ಓಣಿಯಲ್ಲಿ ಕೇಳುತ್ತಿತ್ತು. ಅದರ ಹಿಂದೆ ಇಪ್ಪತ್ತು ಮಕ್ಕಳ ಸ್ವರ, ಒಂದೂ ತಾಳಕ್ಕೆ ಸೇರದೆ.

ನಮ್ಮ ಮನೆಯ ಬಚ್ಚಲಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆ ಇತ್ತು. ಮಣ್ಣಿನ ಒಲೆಯ ಮೇಲೆ ಕೂರಿಸಿದ್ದು, ಕೆಳಗೆ ಬೆಂಕಿ ಹಾಕಲಿಕ್ಕೆ ಒಂದು ಬಾಯಿ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಗಿತ್ತು. ಆದರೆ ನಮ್ಮ ಕಡೆ ಅಡುಗೆಮನೆಯ ಒಲೆ ಹೋದರೂ ಬಚ್ಚಲ ಒಲೆ ಸುಲಭಕ್ಕೆ ಹೋಗುವುದಿಲ್ಲ. ಗೀಸರಿನ ನೀರು ಮೈಗೆ ಹಿಡಿಯುವುದಿಲ್ಲ, ಬೆಂಕಿಯ ನೀರು ಹೊಯ್ದರೆ ಮಾತ್ರ ಮೈಕೈ ನೋವು ಇಳಿಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ದುಡಿದು ಬಂದವನಿಗೆ ತಣ್ಣೀರು ಹೊಯ್ಯಬಾರದು ಎಂಬುದು ಅವಳ ಕಾನೂನು. ಅಮ್ಮ ಹೋದಮೇಲೆ ಆ ಕಾನೂನನ್ನು ಅಕ್ಕ ನಡೆಸಿದಳು. ದಿನಾ ಸಂಜೆ ಐದು ಗಂಟೆಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೊಳವೆಯಿಂದ ಊದುತ್ತಿದ್ದಳು. ಆರಕ್ಕೆ ನಾನು ಬರುವಾಗ ಹಂಡೆಯ ನೀರು ಕುದಿಯುತ್ತಿರಬೇಕು.

ಮೊದಲು ಹಿತ್ತಿಲಿನ ತೆಂಗಿನ ಮಡಲು, ಗೆರಟೆ ಉರಿಸುತ್ತಿದ್ದೆವು. ಪಕ್ಕದಲ್ಲಿ ಫ್ಲ್ಯಾಟ್ ಎದ್ದಿತು, ನಮ್ಮ ಎರಡು ಮರ ಹೋದವು. ಸೌದೆಗೆ ಎಂತ ಮಾಡುವುದು ಎಂದು ಅಕ್ಕ ಕೇಳಿದಾಗ ನಾನು ದೊಡ್ಡ ಜನ ಆದ ಹಾಗೆ ಹೇಳಿದೆ, "ನೀನು ಯಾಕೆ ಮಂಡೆಬಿಸಿ ಮಾಡ್ತಿ? ಬಡಗಿಯ ಮನೆಯಲ್ಲಿ ಸೌದೆಗೆ ಬರಗಾಲವಾ?"

ಮರುದಿನದಿಂದ ಕೆಲಸದ ಜಾಗದಲ್ಲಿ ಉಳಿದ ಪ್ಲೈವುಡ್ ತುಂಡುಗಳನ್ನು ಗೋಣಿಯಲ್ಲಿ ತುಂಬಿಸಿ ಸ್ಕೂಟರಿನಲ್ಲಿ ತಂದೆ. ಕೆಲವಕ್ಕೆ ಮೈಕಾ ಹಾಳೆ ಅಂಟಿಸಿದ್ದೂ ಇರುತ್ತಿತ್ತು. ಚೆನ್ನಾಗಿ ಉರಿಯುತ್ತಿದ್ದವು. ಹೊಗೆ ಮಾತ್ರ ಮಡಲಿನ ಹೊಗೆಯ ಹಾಗೆ ಇರಲಿಲ್ಲ, ಖಾರ.

ಸ್ವಲ್ಪ ದಿನದಲ್ಲಿ ಫ್ಲ್ಯಾಟಿನವರು ಬಂದರು. ನಿಮ್ಮ ಹೊಗೆ ನಮ್ಮ ಬೆಡ್‌ರೂಮಿಗೆ ಬರುತ್ತದೆ ಎಂದು ಮರ್ಯಾದೆಯಲ್ಲೇ ಹೇಳಿದರು. ನನಗೆ ನಾಚಿಕೆ ಆಯಿತು. ಆ ಭಾನುವಾರವೇ ಬಚ್ಚಲ ಗೋಡೆಯಲ್ಲಿ ಹೊಗೆ ಹೋಗುವ ಗಂಡಿಗೆ ಅಳತೆ ಹಿಡಿದು ಹಲಗೆ ಬಡಿದೆ. ಒಂದು ಕೂದಲು ಹೋಗುವಷ್ಟೂ ಸಂದಿ ಉಳಿಯಲಿಲ್ಲ. ಒಳ್ಳೆ ಕೆಲಸ ಎಂದು ನನಗೇ ಅನಿಸಿತು. ಫ್ಲ್ಯಾಟಿನವರಿಗೆ ಹೊಗೆ ನಿಂತಿತು. ಒಳಗೆ ಊದುವವಳು ಒಬ್ಬಳು ಇದ್ದಾಳೆ ಎಂದು ನಾನು ಯೋಚಿಸಲಿಲ್ಲ.

ಶುರುವಾದದ್ದು ಗಂಟಲಿನಿಂದ. ಬೆಳಿಗ್ಗೆ ಎದ್ದ ಕೂಡಲೇ ಕಟ್ಟೆಯಲ್ಲಿ ನಿಂತು ಕ್ಯಾಕರಿಸುತ್ತಿದ್ದಳು. ಕಫ ಗಂಟಲಲ್ಲಿ ಅಂಟಿಕೊಂಡು ಕುಳಿತಿದೆ, ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ ಎನ್ನುತ್ತಿದ್ದಳು.

"ಎಂತ ಅಕ್ಕ ಇದು, ನನ್ನ ಸ್ಕೂಟರ್ ಆದ್ರೂ ನಾಲ್ಕು ಕಿಕ್ಕಿಗೆ ಸ್ಟಾರ್ಟ್ ಆಗ್ತದೆ" ಎಂದೆ.

"ನಿನ್ನ ಸ್ಕೂಟರಿಗೆ ವರ್ಷಕ್ಕೊಮ್ಮೆ ಸರ್ವಿಸ್ ಉಂಟು ಮಾರಾಯ. ನನಗೆ ಯಾರು ಮಾಡಿಸ್ತಾರೆ?" ಎಂದು ನಕ್ಕಳು. ನಕ್ಕದ್ದು ಕೆಮ್ಮಾಯಿತು.

ಮೊದಲು ಮನೆಮದ್ದು. ಶುಂಠಿ, ಕಾಳುಮೆಣಸಿನ ಕಷಾಯ. ಮಜ್ಜಿಗೆ ಬಿಟ್ಟಳು, ಬಾಳೆಹಣ್ಣು ಬಿಟ್ಟಳು, ಅವಳಿಗೆ ಜೀವವಾಗಿದ್ದ ಸೌತೆಕಾಯಿ ಬಿಟ್ಟಳು. ಆಮೇಲೆ ನಮ್ಮ ಓಣಿಯ ಹಳೆಯ ಡಾಕ್ಟರು ಆಸಿಡಿಟಿ ಮೇಲೆ ಬರುತ್ತಿರಬೇಕು ಎಂದು ಮಾತ್ರೆ ಕೊಟ್ಟರು, ದಿಂಬು ಎತ್ತರ ಮಾಡಿ ಮಲಗಲಿಕ್ಕೆ ಹೇಳಿದರು. ಅದಾಗಿ ಅಲರ್ಜಿ ಎಂದರು. ಧೂಳು ಆಗುವುದಿಲ್ಲ ಎಂದು ಅಕ್ಕ ಮನೆಯ ಹಳೆಯ ಹಾಸಿಗೆಯನ್ನೆಲ್ಲ ಬಿಸಿಲಿಗೆ ಹಾಕಿ ಬಡಿದಳು. ಬಿಕರ್ನಕಟ್ಟೆ ಚರ್ಚಿನ ಬಾಲಯೇಸುವಿಗೂ ಹರಕೆ ಹೇಳಿ, ಶಿಶುವಿಹಾರದ ಟೀಚರ ಜೊತೆ ಹೋಗಿ ಮೋಂಬತ್ತಿ ಹಚ್ಚಿ ಬಂದಳು. ಎಲ್ಲ ಮುಗಿಸಿ ಸಂಜೆ ಐದಕ್ಕೆ ಬಚ್ಚಲಲ್ಲಿ ಕುಳಿತು ಊದುತ್ತಿದ್ದಳು.

ಉಸಿರಿನ ಕಷ್ಟ ಬಂದದ್ದು ಎರಡನೆಯ ವರ್ಷ. ಒಂದು ಹಾಡಿನ ನಡುವೆ ಎರಡು ಸಲ ನಿಲ್ಲಿಸುತ್ತಿದ್ದಳು. ಮಕ್ಕಳಿಗೆ ಅದೂ ಹಾಡಿನ ಭಾಗ ಎಂದು ಕಂಡಿತೋ ಏನೋ, ಅವೂ ಅಲ್ಲಿ ನಿಂತು ಕೆಮ್ಮಿ ಮುಂದುವರಿಯುತ್ತಿದ್ದವು. ಆ ಕೆಮ್ಮನ್ನು ಮನೆಗೆ ತೆಗೆದುಕೊಂಡು ಹೋದವು. ತಾಯಂದಿರು ಬಂದು ಟೀಚರ ಹತ್ತಿರ ಗುಸುಗುಸು ಮಾತಾಡಿದರು. ಅಕ್ಕನ ಕಫ ಪರೀಕ್ಷೆಗೆ ಕೊಟ್ಟಾಯಿತು. ಟಿ.ಬಿ. ಇಲ್ಲ ಎಂದು ಕಾಗದ ಬಂತು. ಅಕ್ಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಶಿಶುವಿಹಾರಕ್ಕೆ ಒಯ್ದಳು. ಟೀಚರ್ ಓದಿದರು. "ನನಗೆ ನಂಬಿಕೆ ಉಂಟು ಅಕ್ಕ. ಆದರೆ ಅವರು ಮಕ್ಕಳನ್ನು ಕಳಿಸುವುದಿಲ್ಲ ಅಂತಾರಲ್ಲ, ನಾನು ಎಂತ ಮಾಡ್ಲಿ?" ಎಂದರಂತೆ.

ಅಂದು ಅವಳು ಕೆಲಸ ಕಳೆದುಕೊಂಡು ಹನ್ನೊಂದು ಗಂಟೆಗೇ ಮನೆಗೆ ಬಂದಳು. ಆದರೂ ಆರಕ್ಕೆ ನನಗೆ ನೀರು ಬಿಸಿ ಇತ್ತು.

ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದೆವು. ಅಕ್ಕ ಎಷ್ಟೋ ಸಲ ಕರೆದ ಮೇಲೆ, ಒಂದು ದಿನದ ಕೆಲಸ ಬಿಟ್ಟು, ಮುಖ ಊದಿಸಿಕೊಂಡು ನಾನೂ ಹೋದೆ. ಡಾಕ್ಟರಿಗೆ ಗಡಿಬಿಡಿ, ಹೊರಗೆ ಜನ.

"ಮನೆಯಲ್ಲಿ ಸೌದೆ ಒಲೆಯಲ್ಲಿ ಅಡುಗೆ ಮಾಡ್ತೀರಾ ಅಮ್ಮ?"

ಅಕ್ಕ "ಅಡುಗೆ ಅಲ್ಲ..." ಎಂದು ಶುರು ಮಾಡಿದಳು. ನಾನು ನಡುವೆ ಬಾಯಿ ಹಾಕಿದೆ.

"ಇಲ್ಲ ಡಾಕ್ಟ್ರೇ, ನಮ್ಮದು ಗ್ಯಾಸ್. ಸೌದೆ ಎಲ್ಲ ಅಮ್ಮನ ಕಾಲದಲ್ಲೇ ಹೋಯ್ತು."

ಸೌದೆ ಒಲೆ ಇರುವ ಮನೆಯವರು ಎಂದು ಅವರು ತಿಳಿಯಬಾರದು ಎಂದು ನನಗಿತ್ತು. ಬಚ್ಚಲ ಒಲೆಯೂ ಒಲೆಯೇ ಎಂದು ಆ ಹೊತ್ತಿಗೆ ನನಗೆ ನಿಜವಾಗಿಯೂ ಹೊಳೆಯಲಿಲ್ಲ. ಇಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಅಕ್ಕ ಬಾಯಿ ಮುಚ್ಚಿದಳು. ಡಾಕ್ಟರು ಬರೆದುಕೊಂಡರು. ಬಾಯಿಗೆ ಇಟ್ಟು ಎಳೆಯುವ ಪಂಪು ಕೊಟ್ಟರು. ಪಂಪು ಎಳೆದಾಗ ಸ್ವಲ್ಪ ಹೊತ್ತು ಹಗುರ, ಮತ್ತೆ ಅದೇ.

ಆ ವರ್ಷ ದೀಪಾವಳಿ ಕಳೆದು ತಂಗಿಯ ಬಾಣಂತನಕ್ಕೆ ಅಕ್ಕ ಬಜಪೆಗೆ ಹೋದಳು. ಅಲ್ಲಿ ತಾರಸಿಯಲ್ಲಿ ಸೋಲಾರ್, ನಲ್ಲಿ ತಿರುಗಿಸಿದರೆ ಬಿಸಿನೀರು. ಮೂರು ವಾರ ಇದ್ದಳು. ಎರಡನೆಯ ವಾರ ಫೋನಿನಲ್ಲಿ ಮಗುವಿನ ಬಗ್ಗೆ ಏನೋ ಹೇಳಿ ನಗತೊಡಗಿದಳು. ನಕ್ಕಳು, ನಕ್ಕಳು, ಕೆಮ್ಮು ಬರಲಿಲ್ಲ. ನಾನು ಫೋನು ಹಿಡಿದು ಕೆಮ್ಮಿಗೆ ಕಾಯುತ್ತಿದ್ದೆ.

"ಎಂತ, ಮಾತೇ ಇಲ್ಲ?" ಎಂದಳು. "ಇಲ್ಲಿನ ಗಾಳಿ ನನಗೆ ಆಗ್ತದೆ ಕಾಣ್ತದೆ ಮಾರಾಯ. ವಿಮಾನದ ಗಾಳಿ!"

ಅವಳು ಹೋದ ದಿನ ಸಂಜೆ ನಾನೇ ಒಲೆ ಹಚ್ಚಿದ್ದೆ. ಅವಳ ಹಾಗೆಯೇ ಕುಳಿತು, ಪ್ಲೈ ತುಂಡು ತುರುಕಿ, ಊದಿದೆ. ನಾಲ್ಕು ಸಲ ಊದುವಷ್ಟರಲ್ಲಿ ಗಂಟಲಿಗೆ ಯಾರೋ ಕೈ ಹಾಕಿ ತಿರುಚಿದ ಹಾಗಾಯಿತು. ಕಣ್ಣು ಕಾಣದೆ ಗೋಡೆ ತಡವಿ ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕೆಮ್ಮಿದೆ. ಬಾಯಲ್ಲಿ ಗಟ್ಟಿ ಕಫ ಬಂತು, ಅಕ್ಕ ಹೇಳುತ್ತಿದ್ದ ಹಾಗೆಯೇ ಅಂಟು. ತಲೆ ಎತ್ತಿದರೆ ಎದುರಿಗೆ ನಾನೇ ಬಡಿದ ಹಲಗೆ. ಒಂದು ಎಳೆ ಹೊಗೆಯೂ ಅದರಿಂದ ಹೊರಗೆ ಬರುತ್ತಿರಲಿಲ್ಲ.

ಆಗ ಗೊತ್ತಾಯಿತು. ಯಾರೂ ಹೇಳಬೇಕಾಗಲಿಲ್ಲ. ಮೂರು ವಾರ ತಣ್ಣೀರಿನಲ್ಲಿ ಮಿಂದೆ, ನನಗೆ ಏನೂ ಆಗಲಿಲ್ಲ.

ಅಕ್ಕ ಬಂದಳು. ಚೀಲ ಒಳಗಿಟ್ಟು, ಸೀರೆ ಬದಲಿಸಿ, ಗಂಟೆ ನೋಡಿ ಬಚ್ಚಲಿಗೆ ಹೋದಳು. ಬೇಡ ಅಕ್ಕ ಎನ್ನಲಿಕ್ಕೆ ಬಾಯಿ ತೆರೆದೆ. ಎನ್ನಬೇಕಾದರೆ ಯಾಕೆ ಎಂದೂ ಹೇಳಬೇಕು. ಮೂರು ವರ್ಷದ ಗೋಣಿಚೀಲಗಳು, ಗಂಡಿಯ ಹಲಗೆ, ಡಾಕ್ಟರಿಗೆ ಕೊಟ್ಟ ಉತ್ತರ, ಶಿಶುವಿಹಾರ, ಎಲ್ಲವನ್ನೂ ಹೇಳಬೇಕು. ನಾಳೆ ಹೇಳುವ ಎಂದುಕೊಂಡೆ. ಆರಕ್ಕೆ ಬಿಸಿನೀರು ಹೊಯ್ದುಕೊಂಡೆ. ಬೆನ್ನಿಗೆ ಹಿತವಾಯಿತು. ಆ ಹಿತವನ್ನು ನಾನು ಮರೆಯಲಾರೆ.

ನಾಳೆ ಎಂಬುದು ಮಳೆಗಾಲದವರೆಗೆ ಹೋಯಿತು. ನಡುವೆ ಮಾಡಿದ್ದೆಂದರೆ, ಮೈಕಾ ಇರುವ ತುಂಡುಗಳನ್ನು ಗೋಣಿಯಿಂದ ಹೆಕ್ಕಿ ಬಿಸಾಡಿದೆ. ಹಲಗೆ ಕೂಡ ತೆಗೆಯಲಿಲ್ಲ. ತೆಗೆದರೆ ಅಕ್ಕ ಯಾಕೆ ಎಂದು ಕೇಳುತ್ತಿದ್ದಳು.

ಮಳೆ ಹಿಡಿದ ವಾರ ಓಣಿಯಿಂದ ಅಂಗಳಕ್ಕೆ ಹತ್ತುವ ಮೆಟ್ಟಿಲಲ್ಲಿ ಅಕ್ಕ ಕುಸಿದು ಕುಳಿತಳು. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಆರು ದಿನ. ಈ ಸಲದ ಡಾಕ್ಟರು ಬೇರೆ, ಅಕ್ಕನ ಅರ್ಧ ಪ್ರಾಯದ ಹೆಂಗಸು. ಕೊಳವೆಯಲ್ಲಿ ಊದಿಸಿ ಉಸಿರಿನ ಪರೀಕ್ಷೆ ಮಾಡಿದರು. ಊದುವುದರಲ್ಲಿ ಅಕ್ಕನಿಗೆ ಅಭ್ಯಾಸ ಇತ್ತು, ಆದರೆ ಉಸಿರು ಇರಲಿಲ್ಲ. ಆಮೇಲೆ ಅವರು ಮಂಚದ ತುದಿಯಲ್ಲಿ ಕುಳಿತು ಕೇಳಿದರು, "ಅಮ್ಮ, ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಎಂತೆಲ್ಲ ಮಾಡ್ತೀರಿ, ಒಂದೊಂದೇ ಹೇಳಿ. ಅರ್ಜೆಂಟ್ ಇಲ್ಲ."

ನಾನು ಬಾಯಿ ತೆರೆದೆ. "ನೀವಲ್ಲ" ಎಂದರು, ನನ್ನ ಕಡೆ ನೋಡದೆ.

ಅಕ್ಕ ಹೇಳುತ್ತಾ ಹೋದಳು. ಗುಡಿಸುವುದು, ಚಹಾ, ಗಂಜಿ, ಮೀನಿನವಳು ಬರುವುದು. ಮಾತು ಸಂಜೆ ಐದು ಗಂಟೆಗೆ ಬಂತು. "ಇವನ ಸ್ನಾನಕ್ಕೆ ಒಲೆ ಹಾಕುವುದು."

ಡಾಕ್ಟರ ಪೆನ್ನು ನಿಂತಿತು. "ಒಲೆಗೆ ಎಂತ ಹಾಕ್ತೀರಿ?"

ಅಕ್ಕ ನನ್ನ ಮುಖ ನೋಡಿದಳು. ನನಗೆ ಬೈಯುತ್ತಾರೆ ಎಂದು ಅವಳಿಗೆ ಅಂದಾಜು ಸಿಕ್ಕಿರಬೇಕು. "ಹೀಗೇ... ಸೌದೆ ಚೂರು" ಎಂದಳು.

"ಪ್ಲೈವುಡ್" ಎಂದೆ ನಾನು. "ನಾನೇ ತರುವುದು. ಹೊಗೆ ಹೋಗುವ ಗಂಡಿ ಮುಚ್ಚಿದ್ದೂ ನಾನೇ."

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಹೊಗೆಯಿಂದ ಶ್ವಾಸದ ದಾರಿ ಊದಿಕೊಂಡಿದೆ, ಆ ಹೊಗೆಯನ್ನು ತೊಳೆಯಲಿಕ್ಕೆ ದೇಹವೇ ಕಫ ಮಾಡುತ್ತಿತ್ತು ಎಂದು ವಿವರಿಸಿದರು. ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವ ಎಂದರು. ಅಕ್ಕ ಕೇಳಿದ್ದು ಒಂದೇ, "ಹಾಡ್ಲಿಕ್ಕೆ ಆಗ್ತದಾ ಡಾಕ್ಟ್ರೇ? ಸಣ್ಣ ಮಕ್ಕಳ ಹಾಡು, ದೊಡ್ಡದೆಲ್ಲ ಅಲ್ಲ." ಅವರು ಅಕ್ಕನ ಕೈ ತಟ್ಟಿದರು. ಎದ್ದು ಹೋಗುವಾಗ ನನ್ನ ಹೆಗಲು ಮುಟ್ಟಿ, "ನಿಮಗೆ ಗೊತ್ತಿರಲಿಲ್ಲ, ಬಿಡಿ" ಎಂದರು.

ಗೊತ್ತಿತ್ತು ಎನ್ನಬೇಕಿತ್ತು. ಹೌದು ಎಂಬಂತೆ ತಲೆ ಆಡಿಸಿದೆ.

ಗೊತ್ತಿರಲಿಲ್ಲ ಎಂಬ ಆ ಮಾತನ್ನು ಅಕ್ಕ ಮನೆಗೆ ತಂದಳು. ತಂಗಿ ನನ್ನ ಮೇಲೆ ರೇಗಿದಾಗ, "ಅವನಿಗೆ ಎಂತ ಗೊತ್ತು ಪಾಪ? ಗೊತ್ತಿದ್ರೆ ತರ್ತಿದ್ದನಾ?" ಎಂದಳು. ನೋಡಲು ಬಂದ ಟೀಚರಿಗೂ, ಮೀನಿನವಳಿಗೂ ಅದನ್ನೇ ಹೇಳಿದಳು. ನಾನು ಒಲೆ ಒಡೆದೆ, ಗಂಡಿಯ ಹಲಗೆ ಕಿತ್ತೆ, ಹಂಡೆಯನ್ನು ಅಂಗಳದಲ್ಲಿ ಕವುಚಿ ಹಾಕಿದೆ. ಅವಳಿಗೆ ನೀರು ಕಾಯಿಸಲು ಬಕೆಟಿಗೆ ಇಳಿಸುವ ಕರೆಂಟಿನ ಕಾಯಿಲ್ ತಂದೆ. ನಮ್ಮಲ್ಲಿ ಮನೆಯವರಿಗೆ ಸಾರಿ ಹೇಳುವ ಕ್ರಮ ಇಲ್ಲ. ಜಗಳವಾದರೆ ಮರುದಿನ ಬಟ್ಟಲಿಗೆ ಒಂದು ಬಂಗುಡೆ ಮೀನು ಜಾಸ್ತಿ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ನಾನೂ ಹಾಗೆಯೇ ಮುಗಿಸಲು ನೋಡಿದೆ. ಆದರೆ ಐದು ಗಂಟೆಗೆ ಅವಳು ಅಭ್ಯಾಸಬಲದಿಂದ ಎದ್ದು ಎರಡು ಹೆಜ್ಜೆ ಹೋಗಿ ನಿಲ್ಲುವುದನ್ನು ನೋಡಿದಾಗಲೆಲ್ಲ ಬಂಗುಡೆ ಸಾಲುತ್ತಿರಲಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಹತ್ತುವ ಆ ಮೆಟ್ಟಿಲುಗಳ ಬದಿಗೆ ಹಿಡಿಕೆ ಕಟ್ಟುತ್ತಿದ್ದೆ. ಹಲಸಿನ ಮರದ್ದು, ಕೈಗೆ ನುಣುಪಾಗಿ ಬರುವಷ್ಟು ತೀಡಿದ್ದೆ. ಒಂಬತ್ತು ಮೆಟ್ಟಿಲು. ಐದನೆಯದರ ಬದಿಯಲ್ಲಿ ಅವಳು ಕುಳಿತು ಸುಧಾರಿಸಿಕೊಳ್ಳಲಿಕ್ಕೆ ಒಂದು ಮಣೆ ಕೂರಿಸಿದೆ. ಅಕ್ಕ ಇಳಿದು ಬಂದು ಅದರಲ್ಲಿ ಕುಳಿತಳು. ಕೈಯಿಂದ ಹಿಡಿಕೆ ಸವರಿದಳು.

"ಒಳ್ಳೆದಾಗಿದೆ. ಫ್ಲ್ಯಾಟಿನವರಿಗೂ ಇಷ್ಟು ಚಂದದ್ದು ಇಲ್ಲ" ಎಂದಳು. ಉಸಿರು ಸೇರಲು ಕಾದಳು. "ನೀನು ಹೀಗೆ ಮುಖ ಸಣ್ಣ ಮಾಡಿ ತಿರುಗಬೇಡ ಮಾರಾಯ. ನಿನಗೆ ಗೊತ್ತಿರ್ಲಿಲ್ಲ."

ಕೈಯಲ್ಲಿದ್ದ ಮೊಳೆಗಳನ್ನು ಮೆಟ್ಟಿಲ ಮೇಲೆ ಇಟ್ಟೆ.

"ಗೊತ್ತಿತ್ತು ಅಕ್ಕ" ಎಂದೆ. "ನೀನು ಬಜಪೆಯಲ್ಲಿ ಇದ್ದಾಗಲೇ ಗೊತ್ತಾಯ್ತು. ಒಂದು ಸಂಜೆ ನಾನು ಒಲೆ ಹಾಕಿದ್ದೆ, ಐದು ನಿಮಿಷ ಕೂರ್ಲಿಕ್ಕೆ ಆಗ್ಲಿಲ್ಲ. ಗೊತ್ತಿದ್ದೂ ನಿನ್ನನ್ನು ಅಲ್ಲಿ ಕೂರಿಸಿದೆ. ಹೇಳ್ಲಿಕ್ಕೆ ನಾಚಿಕೆ ಆಯ್ತು, ಅದಕ್ಕೆ ಸುಮ್ಮನೆ ಬಿಸಿನೀರು ಮಿಂದೆ."

ಅವಳ ಕೈ ಹಿಡಿಕೆಯ ಮೇಲೆ ನಿಂತಿತು. ಅವಳ ಎದೆಯ ಸುಯ್‌ ಸುಯ್ ಮಾತ್ರ ಕೇಳುತ್ತಿತ್ತು. ನಾನು ಅವಳಿಗಿಂತ ಎರಡು ಮೆಟ್ಟಿಲು ಕೆಳಗಿದ್ದೆ. ಅಲ್ಲಿಂದಲೇ, ಓಣಿಯವರಿಗೆ ಕೇಳಿದರೂ ಕೇಳಲಿ ಎಂದು, ಗಟ್ಟಿಯಾಗಿ ಹೇಳಿದೆ.

"ನನ್ನಿಂದ ತಪ್ಪಾಯ್ತು ಅಕ್ಕ. ನಿನ್ನ ಉಸಿರು ನಾನು ತೆಗೆದೆ. ತಪ್ಪಾಯ್ತು."