ಜನರಲ್ ಅಂಕಲ್ ಮತ್ತು ಹಳದಿ ಬಿನ್ನು

ವಿದೇಶದಲ್ಲಿ ನಾವಿದ್ದ ಪಾಪಕುರಾ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಟರ್ಕಿ ಸೈನ್ಯದ ನಿವೃತ್ತ ಜನರಲ್. ನನ್ನ ಐದು ವರ್ಷದ ಮಗಳು ಮೊದಲ ದಿನವೇ ಅವರನ್ನು ‘ಅಂಕಲ್’ ದರ್ಜೆಗೆ ಇಳಿಸಿದಳು. ಅವರ ಸೈನ್ಯದ ಕಥೆಗಳೆಲ್ಲ “ಪ್ಲಾನ್ ವಾಸ್ ಕರೆಕ್ಟ್” ಎಂದೇ ಮುಗಿಯುತ್ತಿದ್ದವು. ಗೆದ್ದವರು ಯಾರೆಂದು ಕೇಳಿದರೆ ಉತ್ತರದ ಬದಲು ಚಹಾ ಬರುತ್ತಿತ್ತು.

ಒಂದು ಬೆಳಿಗ್ಗೆ ಅವರ ಆಜ್ಞೆಯಂತೆ ಬೀದಿಯವರೆಲ್ಲ ಮರುಬಳಕೆ ಕಸದ ಹಳದಿ ಬಿನ್ನುಗಳನ್ನು ರಸ್ತೆಯಂಚಿಗೆ ಸಾಲಾಗಿ ನಿಲ್ಲಿಸಿದೆವು. “ಜನರಲ್ ಹೇಳಿದ್ಮೇಲೆ ಮುಗೀತು, ಎಳೀರಿ,” ಎಂದಿದ್ದಳು ನನ್ನ ಹೆಂಡತಿ. ಹಳದಿ ಬಿನ್ನಿನ ಲಾರಿ ಬರುವುದು ಎರಡು ವಾರಕ್ಕೊಮ್ಮೆ. ಅಂದು ಬರಲೇ ಇಲ್ಲ.

“ರಾಂಗ್ ವೀಕ್, ಅಂಕಲ್!” ಎಂದಳು ಮಗಳು.

ಜನರಲ್ ಸಾಲನ್ನು ದಿಟ್ಟಿಸಿ ಮೀಸೆ ತೀಡಿದರು. “ಪ್ಲಾನ್ ವಾಸ್ ಕರೆಕ್ಟ್. ವೀಕ್ ವಾಸ್ ರಾಂಗ್.”

ಬೀದಿಗೆ ಬೀದಿಯೇ ಬಿನ್ನು ಎಳೆದುಕೊಂಡು ಹಿಮ್ಮೆಟ್ಟಿತು. ಅದನ್ನೂ ಮುಂದೆ ನಿಂತು ನಡೆಸಿದವರು ಅವರೇ.