ಎರಡು ಸಂದ್ರಗಳ ನಡುವೆ

ನಿನ್ನೆ ಸಂಜೆ ಆಫೀಸು ಮುಗಿಸಿ ಬ್ಯಾಟರಾಯನಪುರದ ಬೇಕರಿಯೊಂದರ ಮುಂದೆ ನಿಂತಿದ್ದೆ. ಒಲೆಯಿಂದ ಆಗತಾನೇ ಇಳಿದ ಖಾರಾ ಬನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಪಕ್ಕದಲ್ಲಿದ್ದ ಸಹೋದ್ಯೋಗಿ ಕವಿತಾ, "ಏನೇ, ಒಬ್ಳೇ ನಗ್ತಿದೀಯ?" ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಓದಿದ್ದು ಅಲ್ಲಾಳಸಂದ್ರದ ಹತ್ತಿರದ ಒಂದು ವಸತಿ ಶಾಲೆಯಲ್ಲಿ. ಅಕ್ಷರವೋ ಅಂಕಿಯೋ ತಲೆಗೆ ಹತ್ತದ ಮಕ್ಕಳಿಗಾಗಿಯೇ ಇದ್ದ ಶಾಲೆ ಅದು. ನನ್ನ ಕಣ್ಣಿಗೆ ದ, ಧ, ಥ ಮೂರೂ ಒಂದೇ ತಾಯಿಯ ಮಕ್ಕಳು. ಯಾರು ಯಾರೆಂದು ಗುರುತು ಹಿಡಿಯುವುದರೊಳಗೆ ಮಿಕ್ಕವರು ಪಾಠ ಮುಗಿಸಿ ಊಟಕ್ಕೆ ಹೋಗಿರುತ್ತಿದ್ದರು. ಹಳೆಯ ಶಾಲೆಯಲ್ಲಿ ಇದಕ್ಕೆ ಸೋಮಾರಿತನ ಎಂದು ಹೆಸರಿತ್ತು. ಇಲ್ಲಿ ತಟ್ಟೆಯಲ್ಲಿ ಮರಳು ಹರವಿ, ಬೆರಳಿನಿಂದ ಅಕ್ಷರ ತೀಡಿಸುತ್ತಿದ್ದರು. ನಮ್ಮ ಶಾಲೆಯಲ್ಲಿ ಪರೀಕ್ಷೆಗೆ ಕಾವಲು ಕಾಯುವ ಮೇಷ್ಟರಷ್ಟು ನೆಮ್ಮದಿಯ ಜೀವ ಇನ್ನೊಂದಿರಲಿಲ್ಲ. ಕಾಪಿ ಹೊಡೆಯುವುದು ನಮಗೆ ಓದುವಷ್ಟೇ ಕಷ್ಟವಾಗಿತ್ತು.

ನನ್ನ ಕೋಣೆಯ ಗೆಳತಿ ಗದಗಿನ ಶಿವಲೀಲಾ. ಅವಳಿಗೆ ಅಕ್ಷರ ಸಲೀಸು, ಅಂಕಿ ಕಂಡರೆ ಜ್ವರ. ನಾನು ಲೆಕ್ಕದಲ್ಲಿ ಗಟ್ಟಿ. ಬಸ್ಸಿನ ನಂಬರು ನಾನು ಓದುವುದು, ಊರಿನ ಹೆಸರು ಅವಳು ಓದುವುದು; ಹೀಗೆ ಇಬ್ಬರೂ ಸೇರಿದರೆ ಒಬ್ಬ ವಿದ್ಯಾವಂತೆ ಆಗುತ್ತಿದ್ದೆವು.

ಒಂಬತ್ತನೇ ತರಗತಿಗೆ ಬಂದಾಗ ವಾರ್ಡನ್ ಸರೋಜಮ್ಮ ಹೊಸದೊಂದು ಏರ್ಪಾಟು ಮಾಡಿದರು. ಶನಿವಾರ ಇಬ್ಬಿಬ್ಬರು ಬಸ್ಸಿನಲ್ಲಿ ಯಲಹಂಕಕ್ಕೆ ಹೋಗಿ ಅಡುಗೆಮನೆಗೆ ಸೊಪ್ಪು ತರಬೇಕು. ದೊಡ್ಡವರು ಜೊತೆಗೆ ಬರುವುದಿಲ್ಲ. ಮೇಷ್ಟರುಗಳು ಬೇಡವೆಂದರೂ ಸರೋಜಮ್ಮ ಹಟ ಹಿಡಿದು ಒಪ್ಪಿಸಿದ್ದರು. ಮೊದಲ ಸರದಿ ನಮ್ಮದು. ನಾವು ಎಡವಟ್ಟು ಮಾಡಿದರೆ ಇಡೀ ಹಾಸ್ಟೆಲ್ಲಿನ ಶನಿವಾರಕ್ಕೆ ಕಲ್ಲು ಬೀಳುತ್ತಿತ್ತು.

ಹೋಗಿದ್ದೇನೋ ಸುಸೂತ್ರವಾಗಿ ಹೋದೆವು. ಸೊಪ್ಪು ಕೊಂಡು, ಒಂದು ಖಾರಾ ಬನ್ ಕೊಂಡೆವು. ಶಿವಲೀಲಾ ಅದನ್ನು ಮುರಿದು, "ತಗೋ, ಅರ್ಧ" ಎಂದು ಸಣ್ಣ ಚೂರನ್ನು ನನ್ನ ಕೈಗಿಟ್ಟಳು.

"ಮೊದ್ಲು ಅರ್ಧ ಅಂದ್ರೆ ಎಷ್ಟು ಅಂತ ಕಲ್ತ್ಕೋ" ಎಂದೆ.

"ನೀ ಮೊದಲ ನಿನ್ನ ಹೆಸರು ನೆಟ್ಟಗ ಬರಿ" ಎಂದಳು.

ಅಲ್ಲಿಗೆ ಮಾತು ನಿಂತಿತು. ಬಸ್ಸೊಂದು ಬಂತು. ನಂಬರು ಯಾಕೋ ಬೇರೆಯಾಗಿತ್ತು, ಆದರೆ ಹಲಗೆಯ ಕೊನೆಯಲ್ಲಿ 'ಸಂದ್ರ' ಎಂದು ನಾನೇ, ಯಾರ ಹಂಗೂ ಇಲ್ಲದೆ ಓದಿದೆ. ಆ ಖುಷಿಯಲ್ಲಿ ನಂಬರನ್ನು ಮರೆತು ಎದೆ ಸೆಟೆಸಿ ಹತ್ತಿದೆ. ಅವಳೂ ಹಿಂದೆಯೇ ಹತ್ತಿ, ಮುಖ ತಿರುಗಿಸಿಕೊಂಡು ಕೂತಳು.

ಅಲ್ಲಾಳಸಂದ್ರದ ಕೆರೆ ಬರಬೇಕಾದ ಕಡೆ ಕೆರೆ ಬರಲಿಲ್ಲ. ಅಪಾರ್ಟ್‌ಮೆಂಟುಗಳು ಬಂದವು, ಅವುಗಳ ಹಿಂದೆ ಇನ್ನಷ್ಟು ಅಪಾರ್ಟ್‌ಮೆಂಟುಗಳು ಬಂದವು. ಕೊನೆಗೆ ಕಂಡಕ್ಟರ್, "ತಣಿಸಂದ್ರ, ಇಳೀರಿ, ಲಾಸ್ಟ್ ಸ್ಟಾಪು" ಎಂದು ಕೂಗಿದ. ನಾವು ಇಳಿಯಬೇಕಾಗಿದ್ದದ್ದು ಅಲ್ಲಾಳಸಂದ್ರದಲ್ಲಿ.

"ನಂಗ ಆಗಲೇ ಗೊತ್ತಿತ್ತು" ಎಂದಳು ಶಿವಲೀಲಾ. "ತಣಿಸಂದ್ರ ಅಂತ ದೊಡ್ಡದಾಗಿ ಬರದಿತ್ತು. ನೀ ಕೇಳಲಿಲ್ಲ, ನಾ ಹೇಳಲಿಲ್ಲ."

"ಗೊತ್ತಿದ್ದೂ ಯಾಕೇ ಹತ್ತಿದೆ?"

"ಮತ್ತ? ನಿನ್ನ ಒಬ್ಬಾಕಿನ್ನ ಹೆಂಗ ಬಿಡ್ಲಿ?"

ಅದನ್ನು ಅವಳು ಹೇಳಿದ್ದು ಸಿಟ್ಟಿನಲ್ಲೇ. ನನಗೆ ಅಳು ಬಂತು. ನನ್ನನ್ನು ನೋಡಿ ಅವಳಿಗೂ ಬಂತು. ಕಂಡಕ್ಟರ್ ಗಾಬರಿಯಾಗಿ ತನ್ನ ಫೋನು ಕೊಟ್ಟ. ಹಾಸ್ಟೆಲ್ಲಿನ ನಂಬರು ನನಗೆ ಬಾಯಿಪಾಠವಾಗಿತ್ತು.

ಸರೋಜಮ್ಮ ಆಟೋದಲ್ಲಿ ಬಂದಿಳಿದರು. "ಏನ್ರೇ, ಇಂಗಾ ಮಾಡೋದು? ನನ್ ಜೀವಾನೇ ಓದಂಗಾಯ್ತು!" ಎಂದು ದಾರಿಯುದ್ದಕ್ಕೂ ಬೈದರು. ನಡೆದದ್ದನ್ನೆಲ್ಲ ಹೇಳಿದೆವು. ಗೇಟಿನ ಹತ್ತಿರ ನಾನು ಧೈರ್ಯ ಮಾಡಿ, "ಇನ್ಮೇಲೆ ಯಾರನ್ನೂ ಕಳಿಸಲ್ವಾ ಆಂಟಿ?" ಎಂದು ಕೇಳಿದೆ.

"ಯಾಕ್ ಕಳಿಸ್ದೆ ಇರ್ಲಿ? ಮುಂದಿನ್ ವಾರಾನೂ ನೀವಿಬ್ರೇ ಓಗ್ತೀರ. ಜಗಳ ಆಡಿ, ಬೇಡ ಅನ್ನಲ್ಲ. ಬಸ್ ಅತ್ತೋವಾಗ ಮಾತ್ರ ಬಾಯ್ ಬುಟ್ಟು ಮಾತಾಡಿ" ಎಂದರು. ಬಾಡಿದ ಸೊಪ್ಪನ್ನು ತಾವೇ ಹೊತ್ತುಕೊಂಡು ಒಳಗೆ ಹೋದರು.

ಕವಿತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ, "ಯಾವ್ ಥರದ ಸ್ಕೂಲೇ ಅದು? ಅಂಥಾ ಸ್ಕೂಲ್ ಇರತ್ತಾ?" ಎಂದಳು. ಆಗ ನನಗೆ ಹೊಳೆಯಿತು: ಯಾರಾದರೂ ಎಲ್ಲಿ ಓದಿದ್ದು ಎಂದರೆ, "ಅಲ್ಲೇ, ಯಲಹಂಕದ ಕಡೆ" ಎಂದು ಹೇಳಿ ಮಾತು ಮರೆಸುವವಳು ನಾನು. ನಗುವಿನ ಭರದಲ್ಲಿ ಗುಟ್ಟೆಲ್ಲ ಹೊರಗೆ ಬಿದ್ದಿತ್ತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಮಿಕ್ಕದ್ದನ್ನೂ ಹೇಳಿದೆ.

"ಈಗ್ಲೂ ಓದೋಕೆ ಕಷ್ಟ ಆಗತ್ತಾ?"

"ಆಗತ್ತೆ. ಉದ್ದದ ಮೇಲ್ ಬಂದ್ರೆ ಮೂರು ಸಲ ಓದ್ತೀನಿ."

ಕವಿತಾ ಕಣ್ಣರಳಿಸಿದಳು. "ಮ್ಯಾನೇಜರ್ ಕಳ್ಸೋ ಮೇಲಾ? ಪೂರ್ತಿ? ಮೂರು ಸಲ? ಅಯ್ಯೋ, ನಾನು ಒಂದ್ ಸಲಾನೂ ಓದಲ್ಲ ಕಣೇ!"